ಕವಚ ಕಳಚಿದ ಮೇಲೆ

ತರಗತಿಯಲ್ಲಿ ಕರ್ಣನ ಕಥೆ ಬಂದಾಗಲೆಲ್ಲ ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: "ಹುಟ್ಟುವಾಗಲೇ ಮೈಗೆ ಅಂಟಿಕೊಂಡು ಬಂದ ಕವಚವನ್ನು ಕಿತ್ತುಕೊಟ್ಟ ಮೇಲೆ ಅವನ ಮೈ ಏನಾಯಿತು, ಸಾರ್?" ವ್ಯಾಸರು ಇದಕ್ಕೆ ಸಮಾಧಾನ ಹೇಳದೆ ಬಿಟ್ಟಿಲ್ಲ. ಮೈ ವಿಕಾರವಾಗದಿರಲೆಂದು ಇಂದ್ರನೇ ವರವಿತ್ತನಂತೆ. ಆದರೆ ಹುಡುಗರಿಗೆ ಆ ಸಮಾಧಾನ ಸಾಲದು. ವಿಕಾರವಾಗದಿದ್ದರೇನು, ಕಾಪಿಲ್ಲದ ಮೈಯಲ್ಲವೆ ಅದು? ಬಹಳ ವರ್ಷ ನಾನು ಈ ಪ್ರಶ್ನೆಯನ್ನು ನಗುತ್ತ ದಾಟಿಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಕಳೆದ ವರ್ಷದಿಂದೀಚೆಗೆ ಹಾಗೆ ದಾಟಿಹೋಗಲು ಮನಸ್ಸು ಒಪ್ಪುತ್ತಿಲ್ಲ. ಏಕೆಂದರೆ ಕವಚವನ್ನು ಕಳಚಿಟ್ಟು ಬದುಕುತ್ತಿರುವ ಒಬ್ಬರನ್ನು ನಾನು ಹತ್ತಿರದಿಂದ ಬಲ್ಲೆ.

ಅವರು ನಮ್ಮ ಕಾಲೇಜಿನಲ್ಲಿ ಬಹುಕಾಲ ಗಣಿತ ಕಲಿಸಿ ನಿವೃತ್ತರಾದ ಹಿರಿಯರು. ನಮಗೆಲ್ಲ ಅವರು 'ಗಣಿತದ ಮೇಷ್ಟರು.' ಹದಿನಾಲ್ಕು ವರ್ಷಗಳ ಹಿಂದೆ ಅವರ ಮೂತ್ರಪಿಂಡಗಳೆರಡೂ ಕೈಕೊಟ್ಟವು. ವಾರಕ್ಕೆ ಮೂರು ಬಾರಿ ಯಂತ್ರಕ್ಕೆ ಮೈಯೊಡ್ಡಿ ರಕ್ತ ಶುದ್ಧಿ ಮಾಡಿಸಿಕೊಳ್ಳಬೇಕಾದ ದಿನಗಳಲ್ಲಿ ಅವರ ಅಕ್ಕ ಮುಂದೆ ಬಂದು, ತಮ್ಮ ಎರಡು ಕಿಡ್ನಿಗಳಲ್ಲಿ ಒಂದನ್ನು ಕೊಟ್ಟರು. ಅಂದಿನಿಂದ ಮೇಷ್ಟರು ಎರಡು ವ್ರತಗಳನ್ನು ತಪ್ಪಿಸಿದವರಲ್ಲ. ಮೊದಲನೆಯದು, ಗೌರಿ ಹಬ್ಬಕ್ಕೆ ಅಕ್ಕನ ಮನೆಗೆ ತಾವೇ ಬಾಗಿನ ಒಯ್ಯುವುದು. ಎರಡನೆಯದು, ಬೆಳಿಗ್ಗೆ ಎಂಟಕ್ಕೂ ರಾತ್ರಿ ಎಂಟಕ್ಕೂ ಗಡಿಯಾರ ನೋಡಿ ಮಾತ್ರೆ ನುಂಗುವುದು. ಉಳಿದಂತೆ ಆರೋಗ್ಯವಂತರ ಹಾಗೆಯೇ ಇದ್ದರು. ನಿವೃತ್ತಿಯ ಅನಂತರ ಊರಿನ ತೋಟದಲ್ಲಿ ಮಧ್ಯಾಹ್ನದ ಬಿಸಿಲನ್ನೂ ಲೆಕ್ಕಿಸದೆ ಓಡಾಡುತ್ತಿದ್ದರು.

ಕಳೆದ ವರ್ಷ ಅವರ ಕೆಳದುಟಿಯ ಮೇಲೆ ಅಕ್ಕಿಕಾಳಿನಷ್ಟು ಒರಟಾದ ಒಂದು ಚುಕ್ಕೆ ಕಾಣಿಸಿಕೊಂಡಿತು. ಉಷ್ಣವೆಂದುಕೊಂಡು ತುಪ್ಪ ಸವರಿದರು. ಅದು ಒಣಗುವುದು, ಹಕ್ಕಳೆ ಏಳುವುದು, ಕೆರೆದರೆ ರಕ್ತ ಜಿನುಗುವುದು, ಹೀಗೆ ನಾಲ್ಕು ತಿಂಗಳು ಕಳೆಯಿತು. ಅಷ್ಟರಲ್ಲಿ ಮಗಳ ಬಾಣಂತನಕ್ಕೆಂದು ದಂಪತಿಗಳಿಬ್ಬರೂ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರಕ್ಕೆ ಹೋದರು. ಅಲ್ಲಿ ಕೆಮ್ಮಿಗೆಂದು ಕಂಡ ವೈದ್ಯರು, ಇವರಿಗೆ ಕಿಡ್ನಿ ಕಸಿಯಾಗಿದೆಯೆಂದು ಕೇಳಿದ ಕೂಡಲೆ ಕೆಮ್ಮನ್ನು ಬದಿಗಿಟ್ಟು, "ನಿಮ್ಮ ಚರ್ಮವನ್ನು ಕೊನೆಯ ಸಲ ಯಾರು ಪರೀಕ್ಷಿಸಿದರು?" ಎಂದು ಕೇಳಿದರಂತೆ. ಮೇಷ್ಟರು ನಕ್ಕುಬಿಟ್ಟರು. ಹದಿನಾಲ್ಕು ವರ್ಷಗಳಲ್ಲಿ ರಕ್ತ ನೋಡಿದವರುಂಟು, ಮೂತ್ರ ನೋಡಿದವರುಂಟು, ತೊಗಲನ್ನು ನೋಡಿದವರಿಲ್ಲ. ಆ ವೈದ್ಯರು ನಗಲಿಲ್ಲ. ಅಂಗಿ ಬಿಚ್ಚಿಸಿ, ನೆತ್ತಿಯಿಂದ ಅಂಗಾಲಿನವರೆಗೆ ದೀಪ ಹಿಡಿದು ನೋಡಿದರು. ತುಟಿಯ ಚುಕ್ಕೆಯ ಬಳಿ ದೀಪ ನಿಂತಿತು. ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದರು. ಅದು ಕ್ಯಾನ್ಸರ್ ಆಗಿತ್ತು.

ಈ ಸುದ್ದಿ ದೂರವಾಣಿಯಲ್ಲಿ ತಿಳಿದಾಗ ನನಗೆ ಅದರ ತಲೆಬುಡ ತಿಳಿಯಲಿಲ್ಲ. ಕಿಡ್ನಿಗೂ ತುಟಿಗೂ ಏನು ಸಂಬಂಧ? ಅಕ್ಕ ಕೊಟ್ಟ ಅಂಗಕ್ಕೂ ತಮ್ಮನ ತೊಗಲಿನ ಮೇಲೆ ಬಿದ್ದ ಬಿಸಿಲಿಗೂ ಎಲ್ಲಿಯ ನಂಟು? ಸಾಹಿತ್ಯದ ಮೇಷ್ಟರಾದ ನಾನು ಅಂದಿನಿಂದ ಈ ವಿಷಯವನ್ನು ಓದತೊಡಗಿದೆ. ಓದಿ ತಿಳಿದದ್ದನ್ನು ವಾಚಕರೊಡನೆ ಹಂಚಿಕೊಳ್ಳುವುದು ಕರ್ತವ್ಯವೆಂದು ತೋರಿತು. ನಮ್ಮ ನಾಡಿನಲ್ಲಿಯೂ ಕಸಿಯ ಅಂಗದಿಂದ ಬದುಕುತ್ತಿರುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಅವರಲ್ಲಿ ಒಬ್ಬರಾದರೂ ತಮ್ಮ ಕೈಯ ಮೇಲಿನ ಒರಟು ಚುಕ್ಕೆಯನ್ನು ಇದನ್ನೋದಿ ತಿರುಗಿ ನೋಡಿಕೊಂಡರೆ ಈ ಬರೆಹ ಸಾರ್ಥಕ.

\*

'ಕಸಿ' ಎಂಬುದು ನಮ್ಮ ತೋಟಗಾರರ ಮಾತು. ಒಂದು ಮಾವಿನ ಗಿಡಕ್ಕೆ ಇನ್ನೊಂದರ ರೆಂಬೆಯನ್ನು ಕೂಡಿಸಿ ಕಟ್ಟಿದರೆ, ಕೆಲವು ವಾರಗಳಲ್ಲಿ ಎರಡೂ ಒಂದಾಗಿ ಚಿಗುರುತ್ತವೆ. ಮನುಷ್ಯನ ಮೈ ಮಾವಿನ ಗಿಡದಷ್ಟು ಉದಾರಿಯಲ್ಲ. ತನ್ನದು ಯಾವುದು, ಅನ್ಯರದು ಯಾವುದು ಎಂಬ ವಿವೇಚನೆ ಅದಕ್ಕೆ ಅತ್ಯಂತ ಸೂಕ್ಷ್ಮವಾಗಿ ಗೊತ್ತು. ವಿಚಿತ್ರವೆಂದರೆ, ಈ ಸಂಗತಿಯನ್ನು ಮನುಷ್ಯ ಮೊದಲು ಕಲಿತದ್ದು ತೊಗಲಿನಿಂದಲೇ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, ಸುಟ್ಟ ಗಾಯಗಳಿಂದ ನರಳುವ ಸೈನಿಕರಿಗೆ ಬೇರೆಯವರ ಚರ್ಮವನ್ನು ಹೊದಿಸಲು ಸಾಧ್ಯವೆ ಎಂಬ ಪ್ರಶ್ನೆ ಆಕ್ಸ್‌ಫರ್ಡಿನ ಪ್ರಾಣಿಶಾಸ್ತ್ರಜ್ಞ ಪೀಟರ್ ಮೆಡಾವರ್ ಅವರನ್ನು ಕಾಡಿತು. ಗ್ಲ್ಯಾಸ್ಗೊ ನಗರದ ಆಸ್ಪತ್ರೆಯಲ್ಲಿ ಅವರು ಥಾಮಸ್ ಗಿಬ್ಸನ್ ಎಂಬ ಶಸ್ತ್ರವೈದ್ಯರ ಜೊತೆಗೂಡಿ, ಬೆಂಕಿಯಿಂದ ಸುಟ್ಟಿದ್ದ ತರುಣಿಯೊಬ್ಬಳಿಗೆ ಆಕೆಯ ಸೋದರನ ಚರ್ಮದ ಸಣ್ಣ ತುಣುಕುಗಳನ್ನು ಕೂಡಿಸಿ ನೋಡಿದರು. ಅವು ಕೆಲವು ದಿನ ಉಳಿದು, ಆಮೇಲೆ ಸತ್ತುಹೋದವು. ಅದೇ ಸೋದರನ ಚರ್ಮವನ್ನು ಎರಡನೆಯ ಸಲ ಕೂಡಿಸಿದಾಗ ಇನ್ನೂ ಬೇಗನೆ ಸತ್ತವು. ಮೈ ಮೊದಲ ಪರಿಚಯವನ್ನು ಮರೆತಿರಲಿಲ್ಲ. ತಳ್ಳಿಹಾಕುವುದು ಗಾಯದ ದೋಷವಲ್ಲ, ಮೈಯ ಕಾವಲುಪಡೆಯ ಕೆಲಸ ಎಂಬುದು ೧೯೪೩ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಲೋಕಕ್ಕೆ ತಿಳಿಯಿತು. ಮೆಡಾವರ್ ಅವರಿಗೂ ಆಸ್ಟ್ರೇಲಿಯದ ಮೆಕ್ಫರ್ಲೇನ್ ಬರ್ನೆಟ್ ಅವರಿಗೂ ೧೯೬೦ರಲ್ಲಿ ನೊಬೆಲ್ ಬಹುಮಾನ ಸಂದಿತು.

೧೯೫೪ರ ಡಿಸೆಂಬರ್ ೨೩ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಮತ್ತವರ ಸಂಗಡಿಗರು ರೊನಾಲ್ಡ್ ಹೆರಿಕ್ ಎಂಬ ತರುಣನ ಕಿಡ್ನಿಯನ್ನು ಅವನ ಅವಳಿ ಸೋದರ ರಿಚರ್ಡನಿಗೆ ಕೂಡಿಸಿದರು. ಅದಕ್ಕೆ ಮುಂಚೆ, ಇವರಿಬ್ಬರೂ ಒಂದೇ ಅಂಡದಿಂದ ಹುಟ್ಟಿದ ಅವಳಿಗಳು ಹೌದೋ ಅಲ್ಲವೋ ಎಂದು ತಿಳಿಯಲು, ಒಬ್ಬನ ಚರ್ಮದ ಚೂರನ್ನು ಇನ್ನೊಬ್ಬನಿಗೆ ಕೂಡಿಸಿ ಪರೀಕ್ಷಿಸಿದ್ದರು. ಚರ್ಮ ಒಪ್ಪಿತು, ಕಿಡ್ನಿಯೂ ಒಪ್ಪಿತು. ರಿಚರ್ಡ್ ಮುಂದೆ ಎಂಟು ವರ್ಷ ಬಾಳಿದ. ಬಹುಕಾಲ ಉಳಿದ ಮೊದಲ ಅಂಗ ಕಸಿ ಇದೇ. ಮರ್ರೆಯವರಿಗೆ ೧೯೯೦ರಲ್ಲಿ ನೊಬೆಲ್ ಬಂದಿತು. ಅವರೂ ಯುದ್ಧಕಾಲದಲ್ಲಿ ಸುಟ್ಟ ಸೈನಿಕರಿಗೆ ಚರ್ಮ ಹೊದಿಸಿದ ಅನುಭವದಿಂದಲೇ ಈ ದಾರಿಗೆ ಬಂದವರು.

ಆದರೆ ಎಲ್ಲರಿಗೂ ಅವಳಿ ಸೋದರರಿರುವುದಿಲ್ಲ. ಅಕ್ಕ ತಮ್ಮಂದಿರಲ್ಲಿಯೂ ಮೈಗಳು ಪೂರಾ ಒಂದಲ್ಲ. ಆದುದರಿಂದ ಮೈಯ ಕಾವಲುಪಡೆಯನ್ನು ಔಷಧದಿಂದ ಸುಮ್ಮನಿರಿಸುವ ಉಪಾಯವನ್ನು ಹುಡುಕಬೇಕಾಯಿತು. ೧೯೬೦ರ ದಶಕದ ಆರಂಭದಲ್ಲಿ ಅಜಥಯೋಪ್ರಿನ್ ಎಂಬ ಮಾತ್ರೆ ಬಳಕೆಗೆ ಬಂದಿತು. ಅನಂತರದ ಔಷಧಗಳ ಕಥೆ ಸ್ವಾರಸ್ಯವಾಗಿದೆ. ನಾರ್ವೆಯ ಹಾರ್ಡಾಂಗರ್ ಪ್ರಸ್ಥಭೂಮಿಯಿಂದ ೧೯೬೯ರಲ್ಲಿ ತಂದ ಹಿಡಿ ಮಣ್ಣಿನ ಬೂಷ್ಟಿನಿಂದ ಸೈಕ್ಲೊಸ್ಪೊರಿನ್ ದೊರೆಯಿತು. ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನಲ್ಲಿದ್ದ ಜೀವಾಣುವಿನಿಂದ ೧೯೮೪ರಲ್ಲಿ ಟಾಕ್ರೊಲಿಮಸ್ ಸಿಕ್ಕಿತು. ಶಾಂತಸಾಗರದ ನಡುವಿನ ಈಸ್ಟರ್ ದ್ವೀಪದಿಂದ ೧೯೬೪ರಲ್ಲಿ ಕೆನಡದ ತಂಡವೊಂದು ತಂದ ಮಣ್ಣಿನಿಂದ, ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಓದಿದ್ದ ಸುರೇನ್ ಸೆಹಗಲ್ ಎಂಬ ವಿಜ್ಞಾನಿ ಸಿರೊಲಿಮಸ್ ಎಂಬ ಔಷಧವನ್ನು ಬೇರ್ಪಡಿಸಿದರು. ಮಣ್ಣಿನಿಂದ ಬಂದ ಈ ಮದ್ದುಗಳು ಮೈಗೆ ಒಂದು ಮರೆವನ್ನು ಕಲಿಸಿದವು. ಅನ್ಯವನ್ನು ಅನ್ಯವೆಂದು ಎಣಿಸದಿರುವ ಮರೆವು ಅದು. ನಮ್ಮ ದೇಶದಲ್ಲಿ ಕಿಡ್ನಿ ಕಸಿ ಯಶಸ್ವಿಯಾದುದು ೧೯೭೧ರಲ್ಲಿ, ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ.

ಅದೇ ೧೯೭೧ರಲ್ಲಿ ಆಸ್ಟ್ರೇಲಿಯದ ಸಿಡ್ನಿಯ ವೈದ್ಯರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಕಿಡ್ನಿ ಕಸಿಯಾದ ತಮ್ಮ ರೋಗಿಗಳಲ್ಲಿ ಚರ್ಮದ ಕ್ಯಾನ್ಸರ್ ಅಸಾಧಾರಣವಾಗಿ ಕಾಣಿಸಿಕೊಳ್ಳುತ್ತಿದೆ ಎಂಬುದೇ ಅದರ ಸಾರ. ಇದಕ್ಕೆ ಸ್ವಲ್ಪ ಮುಂಚೆ ಅಮೆರಿಕದಲ್ಲಿ ಇಸ್ರೇಲ್ ಪೆನ್ ಎಂಬ ಶಸ್ತ್ರವೈದ್ಯರು ಕಸಿಯಾದವರಲ್ಲಿ ತೋರುವ ಕ್ಯಾನ್ಸರುಗಳನ್ನೆಲ್ಲ ಒಂದೆಡೆ ದಾಖಲಿಸುವ ಕೆಲಸಕ್ಕೆ ತೊಡಗಿದ್ದರು. ವರವಾಗಿ ಬಂದ ಮರೆವಿಗೆ ಒಂದು ಬೆಲೆಯೂ ಇದೆಯೆಂಬುದು ಹೀಗೆ ನಿಧಾನವಾಗಿ ಬಯಲಾಯಿತು.

\*

ಆ ಬೆಲೆಯನ್ನು ತಿಳಿಯಬೇಕಾದರೆ ಮೈಯ ಕಾವಲಿನ ಬಗೆಯನ್ನು ಸ್ವಲ್ಪ ತಿಳಿಯಬೇಕು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಚರ್ಮದ ಕೋಶಗಳೊಳಗೆ ಹೊಕ್ಕು, ಅವುಗಳ ವಂಶತಂತುಗಳನ್ನು ಅಲ್ಲಲ್ಲಿ ಕೆಡಿಸುತ್ತವೆ. ಇದು ದಿನವೂ ಎಲ್ಲರಲ್ಲಿಯೂ ನಡೆಯುವ ಸಂಗತಿ. ಕೆಟ್ಟುದನ್ನು ಕೋಶವೇ ಬಹುಮಟ್ಟಿಗೆ ದುರಸ್ತಿ ಮಾಡಿಕೊಳ್ಳುತ್ತದೆ. ದುರಸ್ತಿಯಾಗದ ಕೋಶ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಹಾಗೂ ಉಳಿದು ಅಂಕೆಯಿಲ್ಲದೆ ಬೆಳೆಯತೊಡಗಿದ ಪುಂಡ ಕೋಶವನ್ನು ಕಾವಲುಪಡೆ ಗುರುತಿಸಿ ನಾಶ ಮಾಡುತ್ತದೆ. ಕಸಿಯಾದವರಲ್ಲಿ ಈ ಮೂರನೆಯ ಕಾವಲು ಸಡಿಲ. ಅಕ್ಕನ ಕಿಡ್ನಿಯನ್ನು ನೋಡಿಯೂ ನೋಡದಂತಿರಲು ಕಲಿತ ಪಡೆ, ಪುಂಡ ಕೋಶವನ್ನೂ ನೋಡಿಯೂ ನೋಡದಂತಿದ್ದುಬಿಡುತ್ತದೆ. ಮರೆವಿಗೆ ಇದನ್ನು ಮಾತ್ರ ಮರೆ, ಅದನ್ನು ನೆನಪಿಡು ಎಂದು ಹೇಳಿಕೊಡುವ ಮದ್ದು ಇನ್ನೂ ಸಾಮಾನ್ಯ ಬಳಕೆಗೆ ಬಂದಿಲ್ಲ.

ಇಷ್ಟೇ ಅಲ್ಲ. ಕೆಲವು ಔಷಧಗಳು ತಾವೇ ಬಿಸಿಲಿಗೆ ಸಹಾಯಕವಾಗುತ್ತವೆ. ಅಜಥಯೋಪ್ರಿನ್ ಸೇವಿಸಿದವರ ಕೋಶಗಳ ವಂಶತಂತುಗಳಲ್ಲಿ ಆ ಔಷಧದ ಅಂಶ ಸೇರಿಕೊಂಡು, ದೀರ್ಘತರಂಗದ ಅತಿನೇರಳೆ ಕಿರಣವನ್ನು ಹೀರಿ, ಹೊಸ ಹಾನಿಯನ್ನು ಉಂಟುಮಾಡುತ್ತದೆಯೆಂದು ೨೦೦೫ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಸೈಕ್ಲೊಸ್ಪೊರಿನ್ ಕೋಶಗಳ ದುರಸ್ತಿ ಕಾರ್ಯಕ್ಕೇ ಅಡ್ಡಿಯಾಗುತ್ತದೆ. ಶಿಲೀಂಧ್ರದ ಸೋಂಕಿಗೆ ಕೊಡುವ ವೊರಿಕೊನಜೋಲ್ ಎಂಬ ಮಾತ್ರೆಯನ್ನು ದೀರ್ಘಕಾಲ ಸೇವಿಸಿದರೆ, ಅದರಲ್ಲಿಯೂ ಶ್ವಾಸಕೋಶದ ಕಸಿಯಾದವರಲ್ಲಿ, ಈ ಅಪಾಯ ಹೆಚ್ಚುತ್ತದೆ. ನರಹುಲಿಗೆ ಕಾರಣವಾದ ವೈರಾಣುಗಳೂ ಕಾವಲು ಸಡಿಲವಾದ ಮೈಯಲ್ಲಿ ನೆಲೆಯೂರಿ ಇದಕ್ಕೆ ನೆರವಾಗುತ್ತವೆ.

ಅಪಾಯ ಎಷ್ಟು? ನಾರ್ವೆಯಲ್ಲಿ ಕಿಡ್ನಿ ಹಾಗೂ ಹೃದಯದ ಕಸಿಯಾದವರನ್ನು ಕುರಿತು ನಡೆದು ೧೯೯೯ರಲ್ಲಿ ಪ್ರಕಟವಾದ ಅಧ್ಯಯನದಂತೆ, ಚರ್ಮದ ಸ್ಕ್ವೇಮಸ್ ಕೋಶಗಳ ಕ್ಯಾನ್ಸರ್ ಅವರಲ್ಲಿ ಸಾಮಾನ್ಯ ಜನರಿಗಿಂತ ಸುಮಾರು ೬೫ ಪಟ್ಟು ಹೆಚ್ಚು. ಮೇಷ್ಟರು ಹೋಗಿದ್ದ ಬ್ರಿಸ್ಬೇನ್ ನಗರ ಕ್ವೀನ್ಸ್‌ಲೆಂಡ್ ರಾಜ್ಯದ ರಾಜಧಾನಿ. ಯೂರೋಪಿನಿಂದ ಬಂದ ಬೆಳ್ಳನೆಯ ಜನ ಉಷ್ಣವಲಯದ ಬಿಸಿಲಿನಲ್ಲಿ ಬಾಳುವ ನಾಡು ಅದು. ಅಲ್ಲಿ ಕಿಡ್ನಿ ಕಸಿಯಾದವರಲ್ಲಿ ಹನ್ನೊಂದು ವರ್ಷಗಳಲ್ಲಿ ನೂರಕ್ಕೆ ೪೫ ಮಂದಿಗೂ, ಇಪ್ಪತ್ತು ವರ್ಷಗಳಲ್ಲಿ ನೂರಕ್ಕೆ ೭೦ ಮಂದಿಗೂ ಚರ್ಮದ ಕ್ಯಾನ್ಸರ್ ಕಾಣಿಸಿಕೊಂಡಿತೆಂದು ೧೯೯೬ರಲ್ಲಿ ಪ್ರಕಟವಾದ ವರದಿ ತಿಳಿಸುತ್ತದೆ. ಬಿಸಿಲು ಕಡಿಮೆಯಾದ ಹಾಲೆಂಡಿನಲ್ಲಿಯೂ ಇಪ್ಪತ್ತು ವರ್ಷಗಳಲ್ಲಿ ನೂರಕ್ಕೆ ೪೦ ಮಂದಿಗೆ ಈ ರೋಗ ತಗುಲಿತ್ತು. ಹೃದಯ ಮತ್ತು ಶ್ವಾಸಕೋಶಗಳ ಕಸಿಯಾದವರಿಗೆ ಕಾವಲು ತಗ್ಗಿಸುವ ಔಷಧ ಹೆಚ್ಚು ಬೇಕಾಗುವುದರಿಂದ ಅವರಿಗೆ ಅಪಾಯವೂ ಹೆಚ್ಚು. ಯಕೃತ್ತಿನ ಕಸಿಯಾದವರಿಗೆ ಅಷ್ಟಿಲ್ಲ. ಸಾಮಾನ್ಯರಲ್ಲಿ ಇಂಥ ಕ್ಯಾನ್ಸರ್ ಒಂದೆಡೆ ಹುಟ್ಟಿ, ಕತ್ತರಿಸಿ ತೆಗೆದರೆ ಮುಗಿಯುವುದೇ ಹೆಚ್ಚು. ಕಸಿಯಾದವರಲ್ಲಿ ಅದು ಬೇಗ ಬೆಳೆಯುತ್ತದೆ, ಮತ್ತೆ ಮತ್ತೆ ಬರುತ್ತದೆ, ಕೆಲವರಲ್ಲಿ ಹತ್ತಾರು ಕಡೆ ಏಳುತ್ತದೆ, ಗ್ರಂಥಿಗಳಿಗೆ ಹರಡಿ ಪ್ರಾಣವನ್ನೂ ತೆಗೆಯುತ್ತದೆ. ಬ್ರಿಸ್ಬೇನಿನ ವೈದ್ಯರು ಕೆಮ್ಮನ್ನು ಬದಿಗಿಟ್ಟದ್ದು ಏಕೆಂದು ಈಗ ಅರ್ಥವಾಗುತ್ತದೆ.

\*

"ಅದೆಲ್ಲ ಬಿಳಿಯರ ಮಾತು. ನಮ್ಮ ಕಪ್ಪು ಮೈಗೆ ಬಿಸಿಲು ಏನು ಮಾಡೀತು?" ಎಂಬುದು ಮೇಷ್ಟರ ಮೊದಲ ಮಾತಾಗಿತ್ತು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಚರ್ಮದ ಕಪ್ಪು ಬಣ್ಣ ಪ್ರಕೃತಿ ನಮಗೆ ಹೊಲಿದು ಕೊಟ್ಟ ನೆರಳು. ಅತಿನೇರಳೆ ಕಿರಣಗಳನ್ನು ಅದು ಬಹುಮಟ್ಟಿಗೆ ತಡೆಯುತ್ತದೆ. ಭಾರತದಲ್ಲಿ ಕಸಿಯಾದವರ ಚರ್ಮವನ್ನು ಪರೀಕ್ಷಿಸಿದ ವೈದ್ಯರು ಕಂಡದ್ದು ಹೆಚ್ಚಾಗಿ ಶಿಲೀಂಧ್ರದ ಸೋಂಕು, ನರಹುಲಿ, ಸರ್ಪಸುತ್ತು ಮೊದಲಾದವನ್ನು, ಕ್ಯಾನ್ಸರ್ ಅಪರೂಪ. ಆದರೆ ಅಪರೂಪವೆಂದರೆ ಇಲ್ಲವೆಂದಲ್ಲ. ತುಟಿಯ ತೊಗಲಿನಲ್ಲಿ ಬಣ್ಣ ಕಡಿಮೆ. ತಲೆಗೆ ರುಮಾಲು ಸುತ್ತಿದವನ ತುಟಿಗೂ ಕಿವಿಗೂ ನೆರಳು ಸಿಕ್ಕುವುದಿಲ್ಲ. ಹೊಗೆಸೊಪ್ಪಿನ ಅಭ್ಯಾಸವಿದ್ದರಂತೂ ತುಟಿಗೆ ಎರಡು ಕಡೆಯ ಪೆಟ್ಟು.

ಇನ್ನೂ ಒಂದು ಮಾತಿದೆ. ಕಪ್ಪು ಮೈಯಲ್ಲಿ ಈ ರೋಗ ಬಿಸಿಲು ಬೀಳುವ ಕಡೆಯೇ ಹುಟ್ಟಬೇಕೆಂಬ ನಿಯಮವಿಲ್ಲ. ಅಮೆರಿಕದ ಫಿಲಡೆಲ್ಫಿಯದಲ್ಲಿ ಬಿಳಿಯರಲ್ಲದ ಕಸಿ ರೋಗಿಗಳನ್ನು ಪರೀಕ್ಷಿಸಿದ ವೈದ್ಯರು ೨೦೧೬ರಲ್ಲಿ ತಿಳಿಸಿದಂತೆ, ಕರಿಯರಲ್ಲಿ ಇದು ಹೆಚ್ಚಾಗಿ ಕಂಡದ್ದು ಬಟ್ಟೆಯ ಮರೆಯಲ್ಲಿರುವ ಗುಪ್ತಭಾಗಗಳಲ್ಲಿ; ನರಹುಲಿಯ ವೈರಾಣುವಿನ ನಂಟೂ ಅಲ್ಲಿ ಕಂಡಿತು. ನಮ್ಮ ದೇಶದಲ್ಲಿಯೇ ೧೯೪೫ರಷ್ಟು ಹಿಂದೆ ಖಾನೋಲ್ಕರ್ ಮತ್ತು ಸೂರ್ಯಾಬಾಯಿ ಎಂಬ ಸಂಶೋಧಕರು ಧೋತರವನ್ನು ಬಿಗಿಯಾಗಿ ಕಟ್ಟುವ ಸೊಂಟದ ಗೆರೆಯಲ್ಲಿ ಹುಟ್ಟುವ ಚರ್ಮದ ಕ್ಯಾನ್ಸರನ್ನು ವರ್ಣಿಸಿದ್ದರು. ಹಳೆಯ ಸುಟ್ಟ ಕಲೆ, ವರ್ಷಗಟ್ಟಲೆ ಮಾಯದ ಹುಣ್ಣು ಇವೂ ಸಂಶಯಾಸ್ಪದವೇ. ಆದುದರಿಂದ ನಮ್ಮವರ ಪರೀಕ್ಷೆ ಮುಖ, ಕೈಗಳಿಗೆ ನಿಲ್ಲಬಾರದು. ಅಂಗಾಲು, ಉಗುರಿನ ಸಂದು, ಸೊಂಟದ ಗೆರೆ, ಗುಪ್ತಭಾಗಗಳನ್ನೂ ನೋಡಬೇಕು. ನಮ್ಮಲ್ಲಿ, ಅದರಲ್ಲಿಯೂ ಹೆಣ್ಣುಮಕ್ಕಳಲ್ಲಿ, ಸಂಕೋಚ ಇದಕ್ಕೆ ಬಹು ದೊಡ್ಡ ಅಡ್ಡಿ. ಕಿಡ್ನಿಯ ಶಸ್ತ್ರಚಿಕಿತ್ಸೆಯನ್ನೇ ಎದುರಿಸಿ ಗೆದ್ದವರು ಈ ಸಂಕೋಚಕ್ಕೆ ಸೋಲುವುದು ತರವಲ್ಲ.

ಮಾಡಬೇಕಾದುದೇನು? ವೈದ್ಯರು ಹೇಳುವ ಮಾತುಗಳು ಸರಳವಾಗಿವೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗಿನ ಬಿಸಿಲಿನಿಂದ ಆದಷ್ಟು ದೂರವಿರುವುದು. ಮೋಡವಿದ್ದರೂ ಅತಿನೇರಳೆ ಕಿರಣ ಮೋಡವನ್ನು ತೂರಿ ಬರುತ್ತದೆಂಬುದನ್ನು ಮರೆಯದಿರುವುದು. ತುಂಬುತೋಳಿನ ದಟ್ಟ ನೇಯ್ಗೆಯ ಅಂಗಿ, ಸುತ್ತಲೂ ಅಂಚಿರುವ ಟೊಪ್ಪಿಗೆ, ಕೊಡೆ. ಬಟ್ಟೆ ಮುಚ್ಚದ ಕಡೆ, ತುಟಿಗೂ ಸೇರಿಸಿ, ಬಿಸಿಲು ತಡೆಯುವ ಮುಲಾಮನ್ನು ಧಾರಾಳವಾಗಿ ಹಚ್ಚಿ, ಬೆವರಿದಾಗ ಮತ್ತೆ ಹಚ್ಚುವುದು. ಮುಲಾಮು ಬರಿಯ ಶೋಕಿಯಲ್ಲ. ಬರ್ಲಿನ್ನಿನಲ್ಲಿ ಕಸಿಯಾದ ೧೨೦ ಮಂದಿಯನ್ನು ಎರಡು ವರ್ಷ ಪರೀಕ್ಷಿಸಿದಾಗ, ಅದನ್ನು ನಿತ್ಯ ಹಚ್ಚಿಕೊಂಡ ೬೦ ಮಂದಿಯಲ್ಲಿ ಒಂದೂ ಹೊಸ ಸ್ಕ್ವೇಮಸ್ ಕ್ಯಾನ್ಸರ್ ತೋರಲಿಲ್ಲ. ಉಳಿದ ೬೦ ಮಂದಿಯಲ್ಲಿ ೮ ತೋರಿದವು. ೨೦೦೯ರಲ್ಲಿ ಇದು ಪ್ರಕಟವಾಯಿತು. ಬಿಸಿಲು ತಪ್ಪಿಸಿದವರಿಗೆ ಡಿ ಜೀವಸತ್ವ ಕಡಿಮೆಯಾಗಬಹುದಾದ್ದರಿಂದ ಅದನ್ನು ಪರೀಕ್ಷಿಸಿ, ಬೇಕಾದರೆ ವೈದ್ಯರ ಸಲಹೆಯಂತೆ ಮಾತ್ರೆಯಿಂದ ತುಂಬಿಕೊಳ್ಳಬೇಕು.

ತಿಂಗಳಿಗೊಮ್ಮೆ ಸ್ನಾನದ ಹೊತ್ತಿನಲ್ಲಿ ಮೈಯನ್ನು ತಾನೇ ನೋಡಿಕೊಳ್ಳುವುದು. ಬೆನ್ನನ್ನು ಮನೆಯವರಿಂದ ನೋಡಿಸುವುದು. ಒಂದು ತಿಂಗಳಾದರೂ ಮಾಯದ ಹುಣ್ಣು, ಬೆಳೆಯುವ ಗಂಟು, ಕೆರೆದರೆ ರಕ್ತ ಬರುವ ಒರಟು ಚುಕ್ಕೆ, ಮುಟ್ಟಿದರೆ ನೋಯುವ ನರಹುಲಿ, ಬಣ್ಣವೋ ಆಕಾರವೋ ಬದಲಾದ ಮಚ್ಚೆ, ಇವುಗಳಲ್ಲಿ ಯಾವುದು ಕಂಡರೂ ತುಪ್ಪ ಸವರಿ ಕೂರದೆ ಚರ್ಮವೈದ್ಯರ ಬಳಿಗೆ ಹೋಗುವುದು. ಏನೂ ಕಾಣದಿದ್ದರೂ ವರ್ಷಕ್ಕೊಮ್ಮೆ ಪೂರ್ಣ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಒಮ್ಮೆ ರೋಗ ಬಂದು ಹೋದವರು ಕೆಲವು ತಿಂಗಳಿಗೊಮ್ಮೆ ಹೋಗಬೇಕು. ಕ್ಯಾನ್ಸರಿಗೆ ಮುಂಚಿನ ಒರಟು ಚುಕ್ಕೆಗಳನ್ನು ಶೀತದಿಂದ ಸುಟ್ಟೋ ಮುಲಾಮಿನಿಂದಲೋ ಕಳೆಯಬಹುದು. ಕ್ಯಾನ್ಸರ್ ಆದರೆ ಕತ್ತರಿಸಿ ತೆಗೆಯಬೇಕು. ಬಿ ಜೀವಸತ್ವದ ಗುಂಪಿನ ನಿಕೊಟಿನಮೈಡ್ ಸಾಮಾನ್ಯ ರೋಗಿಗಳಲ್ಲಿ ಸ್ವಲ್ಪ ಪ್ರಯೋಜನ ತೋರಿತ್ತು. ಆದರೆ ಕಸಿಯಾದವರ ಮೇಲೆ ನಡೆದು ೨೦೨೩ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರಿಂದ ಲಾಭ ಕಾಣಲಿಲ್ಲ. 'ರೋಗನಿರೋಧಕ ಶಕ್ತಿ ಹೆಚ್ಚಿಸುವ' ಕಷಾಯ, ಚೂರ್ಣಗಳನ್ನು ಕಸಿಯಾದವರು ವೈದ್ಯರಿಗೆ ತಿಳಿಸದೆ ಸೇವಿಸಲೇಬಾರದು. ಯಾವ ಶಕ್ತಿಯನ್ನು ತಗ್ಗಿಸಿ ಅಂಗವನ್ನು ಉಳಿಸಿದೆಯೋ ಅದನ್ನೇ ಕೆರಳಿಸಿದಂತಾದೀತು.

\*

ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ ಇನ್ನು ಮುಂದಿನದು. ಔಷಧದಿಂದ ಕಾವಲು ಸಡಿಲವಾಗಿ ಕ್ಯಾನ್ಸರ್ ಬಂದಿದ್ದರೆ, ಔಷಧವನ್ನು ಕಡಿಮೆ ಮಾಡಬಾರದೇಕೆ? ಮಾಡಬಹುದು, ಆದರೆ ಕಾವಲುಪಡೆ ಎಚ್ಚೆತ್ತು ಕಸಿಯ ಅಂಗದ ಮೇಲೆಯೇ ಬಿದ್ದರೆ? ಕಿಡ್ನಿ ಹೋದರೆ ಯಂತ್ರವಾದರೂ ಉಂಟು. ಹೃದಯ ಹೋದರೆ ಏನು ಗತಿ? ೨೦೧೨ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಮೊದಲೇ ಒಮ್ಮೆ ಈ ಕ್ಯಾನ್ಸರ್ ಬಂದಿದ್ದ ೧೨೦ ಮಂದಿ ಕಿಡ್ನಿ ರೋಗಿಗಳಲ್ಲಿ ಕೆಲವರ ಹಳೆಯ ಔಷಧವನ್ನು ಬದಲಿಸಿ ಸಿರೊಲಿಮಸ್ ಕೊಟ್ಟರು. ಎರಡು ವರ್ಷಗಳಲ್ಲಿ ಅವರಲ್ಲಿ ನೂರಕ್ಕೆ ೨೨ ಮಂದಿಗೂ, ಹಳೆಯ ಔಷಧವನ್ನೇ ಮುಂದುವರಿಸಿದವರಲ್ಲಿ ನೂರಕ್ಕೆ ೩೯ ಮಂದಿಗೂ ಹೊಸ ಕ್ಯಾನ್ಸರ್ ಬಂದಿತು. ಲಾಭ ಸ್ಪಷ್ಟ. ಆದರೆ ಸಿರೊಲಿಮಸ್ಸಿನ ಉಪದ್ರವ ತಾಳಲಾರದೆ ಬಿಟ್ಟವರೂ ಕಡಮೆಯಲ್ಲ. ಹರಡಿದ ಕ್ಯಾನ್ಸರಿಗೆ ಕೊಡುವ ಈಚಿನ ಕೆಲವು ಔಷಧಗಳು ಕಾವಲುಪಡೆಯನ್ನೇ ಕೆರಳಿಸಿ ರೋಗವನ್ನು ಗೆಲ್ಲುತ್ತವೆ. ಕಸಿಯಾದವರಿಗೆ ಅವನ್ನು ಕೊಟ್ಟಾಗ ಹತ್ತರಲ್ಲಿ ಸುಮಾರು ನಾಲ್ವರಲ್ಲಿ ಅಂಗವನ್ನು ಮೈ ತಳ್ಳಿಹಾಕಿದುದುಂಟು. ಜೀವವೋ ಜೀವ ಕೊಟ್ಟ ಅಂಗವೋ ಎಂಬ ಇಕ್ಕಟ್ಟು ಇದು. ಇದನ್ನು ಕಿಡ್ನಿಯ ವೈದ್ಯರೂ ಚರ್ಮದ ವೈದ್ಯರೂ ಕೂಡಿ ಕುಳಿತು ಬಿಡಿಸಬೇಕು. ರೋಗಿ ತಾನಾಗಿ ಮಾತ್ರೆ ನಿಲ್ಲಿಸುವುದು ಆತ್ಮಘಾತಕ್ಕೆ ಸಮಾನ.

ಮೇಷ್ಟರ ಕ್ಯಾನ್ಸರ್ ಎಳೆಯದಾಗಿತ್ತು. ತುಟಿಯ ಅಂಚನ್ನು ಸ್ವಲ್ಪ ಕತ್ತರಿಸಿ ಹೊಲಿದರು, ಗ್ರಂಥಿಗಳಿಗೆ ಹರಡಿರಲಿಲ್ಲ. ಇಲ್ಲಿಗೆ ಮರಳಿದ ಮೇಲೆ ಅವರ ಕಿಡ್ನಿಯ ವೈದ್ಯರು ಒಂದು ಮಾತ್ರೆಯ ಪ್ರಮಾಣವನ್ನು ಎಚ್ಚರದಿಂದ ಇಳಿಸಿದರು. ಆ ಕೆಲವು ವಾರ ಪ್ರತಿ ರಕ್ತಪರೀಕ್ಷೆಯ ಹಿಂದಿನ ರಾತ್ರಿ ಅವರಿಗೆ ನಿದ್ದೆಯಿರಲಿಲ್ಲ. "ತುಟಿ ಹೋದರೆ ನನ್ನದು ಹೋಗುತ್ತೆ. ಕಿಡ್ನಿ ಹೋದರೆ ಅಕ್ಕನದು ಹೋಗುತ್ತೆ," ಎಂದರು ನನ್ನೊಡನೆ ಒಮ್ಮೆ. ಕಿಡ್ನಿ ಉಳಿಯಿತು.

ಗೌರಿ ಹಬ್ಬಕ್ಕೆ ಬಾಗಿನ ಒಯ್ಯುವಾಗ ನಾನೂ ಜೊತೆಗೆ ಹೋಗಿದ್ದೆ. ಅಕ್ಕನಿಗೆ ಈಗ ಎಪ್ಪತ್ತೆಂಟು. ತುಟಿಯ ಹೊಲಿಗೆಯ ಗುರುತನ್ನು ನೋಡಿ ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ನಾನು ಕೊಟ್ಟದ್ದರಿಂದಲೇ ನಿಂಗೆ ಹೀಗಾಯ್ತೇನೋ?" ಎಂದರು. ಹದಿನಾಲ್ಕು ವರ್ಷ ತಮ್ಮನನ್ನು ಉಳಿಸಿದ ಕೈ ಈಗ ಅಪರಾಧಿಯ ಹಾಗೆ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ಮೇಷ್ಟರು ಲೆಕ್ಕದ ಮೇಷ್ಟರಲ್ಲವೆ! "ಇಲ್ಲ ಅಕ್ಕ. ನೀನು ಕೊಟ್ಟದ್ದು ಹದಿನಾಲ್ಕು ವರ್ಷ, ಒಬ್ಬ ಮೊಮ್ಮಗ. ಇದು ಬಿಸಿಲು ಕೊಟ್ಟದ್ದು, ನಾನು ಉದಾಸೀನ ಮಾಡಿದ್ದು. ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಬೇಡ," ಎಂದರು. ಅಕ್ಕ ಎದ್ದು ಒಳಗೆ ಹೋಗಿ, ಯಜಮಾನರು ಬಳಸುತ್ತಿದ್ದ ಹಳೆಯ ಕರಿಯ ಕೊಡೆಯನ್ನು ತಂದು ತಮ್ಮನ ಕೈಗಿಟ್ಟರು. ಅದಕ್ಕೂ ಕುಂಕುಮ ಹಚ್ಚಿದ್ದರು.

ನಮ್ಮ ರಾಜ್ಯದಲ್ಲಿ ಮೃತರ ಅಂಗಗಳನ್ನು ಬೇಕಾದವರಿಗೆ ಮುಟ್ಟಿಸುವ ವ್ಯವಸ್ಥೆಗೆ 'ಜೀವಸಾರ್ಥಕತೆ' ಎಂದು ಹೆಸರು. ಕೊಟ್ಟವರ ಸಾರ್ಥಕತೆ ಪಡೆದವರ ಎಚ್ಚರದಲ್ಲಿದೆ. ಆಸ್ಪತ್ರೆಯಿಂದ ಮನೆಗೆ ಕಳುಹಿಸುವ ದಿನವೇ ನೀರು, ಉಪ್ಪು, ಮಾತ್ರೆಗಳ ಮಾತಿನ ಜೊತೆಗೆ ಬಿಸಿಲಿನ ಮಾತನ್ನೂ ಹೇಳಿ ಕಳುಹಿಸಿದರೆ, ಎಷ್ಟೋ ತುಟಿಗಳು ಹೊಲಿಗೆಯಿಲ್ಲದೆ ಉಳಿದಾವು.

ಈ ವರ್ಷ ತರಗತಿಯಲ್ಲಿ ಮತ್ತೆ ಕರ್ಣ ಬಂದ, ಪ್ರಶ್ನೆಯೂ ಬಂದಿತು. ಕವಚವನ್ನು ಬೇಡಲು ಇಂದ್ರ ಬರುತ್ತಾನೆಂದು ಕರ್ಣನಿಗೆ ಕನಸಿನಲ್ಲಿ ಮುಂಚೆಯೇ ಎಚ್ಚರ ಹೇಳಿದವನು ಅವನ ತಂದೆ ಸೂರ್ಯ ಎಂಬುದನ್ನು ಹುಡುಗರಿಗೆ ನೆನಪಿಸಿದೆ. ಆಮೇಲೆ ಪಾಠ ಬಿಟ್ಟು, ಗಣಿತದ ಮೇಷ್ಟರ ಕಥೆಯನ್ನು ಹೇಳಿದೆ. ಗಂಟೆ ಬಾರಿಸಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೇಜಿನ ಬಳಿ ಬಂದು ನಿಂತಳು. "ಸಾರ್, ನಮ್ಮ ತಂದೆಗೆ ಆರು ವರ್ಷದ ಹಿಂದೆ ಕಿಡ್ನಿ ಹಾಕಿದ್ದಾರೆ. ದಿನಾ ಹೊಲಕ್ಕೆ ಹೋಗ್ತಾರೆ. ಕಿವಿ ಮೇಲೆ ಒಂದು ಗಾಯ ಇದೆ," ಎಂದಳು. ಚರ್ಮವೈದ್ಯರ ವಿಳಾಸವನ್ನು ಅವಳ ಪುಸ್ತಕದಲ್ಲಿ ಬರೆದುಕೊಟ್ಟೆ. ಮರುದಿನ ಅವಳು ತರಗತಿಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿ ಹಾಕುವಾಗ ನನಗೆ ಸಂತೋಷವಾಯಿತು.